ಜುರಾಸಿಕ್ ಎಲೆಯ ರಂಧ್ರ ಎಣಿಸಿದ್ದು

ನನ್ನ ಮೊದಲ ಎಲೆಯನ್ನು ನಾನೇ ಕರಗಿಸಿಬಿಟ್ಟೆ. ಹದಿನಾರು ಕೋಟಿ ವರ್ಷ ಕಲ್ಲಿನೊಳಗೆ ಉಳಿದಿದ್ದ ಎಲೆ ಅದು. ನೈಟ್ರಿಕ್ ಆಸಿಡ್, ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿದ ದ್ರಾವಣಕ್ಕೆ ಹಾಕಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದರೆ ಗಾಜಿನ ಬಟ್ಟಲು ಖಾಲಿ!

ಆಮೇಲಿಂದ ವಿಷದ ಹೊಗೆ ಹೊರಗೆಳೆಯುವ ಗೂಡು, ಫ್ಯೂಮ್ ಹುಡ್ ಮುಂದೆಯೇ ಕೂರುತ್ತೇನೆ. ಉಗುರಿನ ತುದಿಯಷ್ಟು ಎಲೆಯ ಕಪ್ಪು ಚೂರನ್ನು ಕಲ್ಲಿನಿಂದ ಸೂಜಿಯಲ್ಲಿ ಎಬ್ಬಿಸುತ್ತೇನೆ. ದ್ರಾವಣದಲ್ಲಿ ಅದು ಜೇನಿನ ಬಣ್ಣಕ್ಕೆ ತಿರುಗಿದ ಕೂಡಲೇ ತೆಗೆದು, ತೊಳೆದು, ನೀರು ಬೆರೆಸಿದ ಅಮೋನಿಯಾಕ್ಕೆ ಹಾಕುತ್ತೇನೆ. ಕಂದು ಬಣ್ಣ ಹೊಗೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಎಲೆಯ ಮೇಲಿನ ಮೇಣದಂಥ ಪೊರೆ, ಕ್ಯೂಟಿಕಲ್. ಜೀವಕೋಶಗಳ ಅಚ್ಚು ಅದರ ಮೇಲೆ ಹಾಗೇ ಇರುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಬರಿಗಣ್ಣು ಮೋಸ ಮಾಡುತ್ತದೆ. ಗರಿಯಂಥ ಒಂದು ಎಲೆಗೆ ನಾನು ಸೈಕಾಡ್ (ತಾಳೆಯಂತೆ ಕಾಣುವ, ಹೂವಿಲ್ಲದ ಗಿಡ) ಅಂತ ಚೀಟಿ ಅಂಟಿಸಿದ್ದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ಗೋಡೆಗಳು ಅಲೆಅಲೆಯಾಗಿದ್ದವು, ಎಲೆ ಉಸಿರಾಡುವ ಪ್ರತಿ ಸಣ್ಣ ರಂಧ್ರದ ಎರಡೂ ಪಕ್ಕ ಒಂದೊಂದು ಜೊತೆಕೋಶ. ಅದು ಬೆನೆಟೈಟೇಲ್ಸ್, ಪೂರ್ತಿ ನಶಿಸಿಹೋದ ಬೇರೆಯದೇ ಗುಂಪು. ಚೀಟಿ ಕಿತ್ತೆ.

ಆ ಕಾಲದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಅನ್ನುವ ಲೆಕ್ಕಕ್ಕೆ ನನಗೆ ಇಷ್ಟವಾದದ್ದು ಬೀಸಣಿಗೆಯಂಥ ಎಲೆಯ ಮರ, ಗಿಂಕೊ. ಅದರ ನೆಂಟ ಇವತ್ತಿಗೂ ಬದುಕಿದೆ, ಹೋಲಿಸಬಹುದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಎಷ್ಟೋ ಗಿಡಗಳ ಎಲೆಯಲ್ಲಿ ರಂಧ್ರ ಕಡಿಮೆಯಾಗುತ್ತವೆ. 1987ರಲ್ಲಿ ಸಸ್ಯವಿಜ್ಞಾನಿ ವುಡ್‌ವರ್ಡ್ ಇದನ್ನು ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿಟ್ಟ ಗಿಡಗಳ ಸಂಗ್ರಹದಲ್ಲಿ, ಇದ್ದ ಹಳೇ ಎಲೆಗಳಲ್ಲೇ ತೋರಿಸಿದರು. ಸುಮ್ನೆ ರಂಧ್ರ ಎಣಿಸಿದರೆ ಸಾಲದು. ಎಲೆ ಹಿಗ್ಗಿದರೆ ರಂಧ್ರಗಳೂ ದೂರ ದೂರ ಆಗುತ್ತವೆ ಅಲ್ವಾ? ಅದಕ್ಕೇ ರಂಧ್ರ, ಮಾಮೂಲಿ ಕೋಶ ಎರಡನ್ನೂ ಎಣಿಸಿ, ಒಟ್ಟಿನಲ್ಲಿ ರಂಧ್ರಗಳ ಪಾಲು ಶೇಕಡಾ ಎಷ್ಟು ಅಂತ ನೋಡುತ್ತೇನೆ. ನರದ ಮೇಲೆ, ಅಂಚಿನ ಹತ್ತಿರ ಎಣಿಸುವುದಿಲ್ಲ. ಒಂದೇ ಎಲೆ ನಂಬುವುದೂ ಇಲ್ಲ.

ಇನ್ನೊಂದು ಸಲ ದಪ್ಪ ಪೊರೆ, ಗುಳಿಯೊಳಗೆ ಅಡಗಿದ ರಂಧ್ರಗಳಿದ್ದ ಕೋನಿಫರ್ (ಪೈನ್ ಥರದ ಮರ) ಚಿಗುರು ಸಿಕ್ಕಿತ್ತು. ಖುಷಿಯಲ್ಲಿ 'ಒಣ ಹವೆ' ಅಂತ ಬರೆದೇಬಿಟ್ಟೆ. ಚಿಗುರು ಬಂದಿದ್ದ ಕಲ್ಲನ್ನು ಆಮೇಲೆ ತಿರುಗಿಸಿದೆ, ಅದರಲ್ಲಿ ಸಮುದ್ರದ ಚಿಪ್ಪುಗಳು! ಉಪ್ಪು ನೀರಿನ ಪಕ್ಕ ಬೆಳೆದ ಗಿಡವೂ ಹೀಗೇ ನೀರು ಬಚ್ಚಿಡುತ್ತದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದನ್ನು ಹೊಡೆದುಹಾಕಿ 'ಒಣ ಹವೆ ಅಥವಾ ಉಪ್ಪು' ಅಂತ ತಿದ್ದಿದೆ. ಅದೇ ಪದರದ ಮರದ ತುಂಡು ಇನ್ನೂ ಕೊಯ್ಯಬೇಕು, ಹವೆಯ ಏರಿಳಿತದ ಗುರುತಾಗಿ ಬೆಳವಣಿಗೆಯ ಉಂಗುರ ಇದೆಯಾ ನೋಡೋಕೆ.