ಆರು ಕಿಸೆ, ಒಂದು ಉದ್ರಿ

ನನ್ನ ಮೊಮ್ಮಗ ಎರಡು ವರ್ಷದಿಂದ ಮನೆಯಲ್ಲಿಯೇ ಓದುತ್ತಿದ್ದಾನೆ. ಏಕೆಂಬುದು ಮನೆಯ ಮಾತು, ಇಲ್ಲಿ ಬೇಡ. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ಮೂವತ್ತು ವರ್ಷ ಸವೆಸಿದವಳು ನಾನು, ಒಂದು ಹುಡುಗನಿಗೆ ಓದಿಸುವುದು ಏನು ಮಹಾ ಎಂದುಕೊಂಡಿದ್ದೆ. ಶಾಲೆಯಲ್ಲಿ ಅರ್ಧ ಕೆಲಸ ಮಾಡುವುದು ಗಂಟೆ ಎಂಬುದು ಆಮೇಲೆ ತಿಳಿಯಿತು. ಮನೆಗೆ ಗಂಟೆ ಇಲ್ಲ. ಸೊಸೆ ಗೋಡೆಗೆ ಚಂದದ ವೇಳಾಪಟ್ಟಿ ಅಂಟಿಸಿದಳು. ಹತ್ತಕ್ಕೆ ಗಣಿತ ಎಂದು ಬರೆದಿತ್ತು, ಹತ್ತಕ್ಕೆ ನಳದಲ್ಲಿ ನೀರು ಬಂತು. ಬಾಗಲಕೋಟೆಯಲ್ಲಿ ನೀರು ಬಿಟ್ಟಾಗ ಗಣಿತ ಕಾಯಬೇಕು, ಕೊಡ ಕಾಯುವುದಿಲ್ಲ.

ಹಾಗಾಗಿ ಗಡಿಯಾರ ಬಿಟ್ಟು ಎಣಿಕೆ ಹಿಡಿದೆವು. ದಿನಕ್ಕೆ ಐದು ಚೀಟಿ, ಒಂದೊಂದರಲ್ಲಿ ಒಂದು ಕೆಲಸ, ಯಾವುದನ್ನು ಮೊದಲು ಮಾಡುತ್ತಾನೋ ಅವನಿಗೆ ಬಿಟ್ಟದ್ದು. ನನ್ನ ಹಳೆಯ ಇಳಕಲ್ ಸೀರೆಯೊಂದು ಒಡಲಲ್ಲಿ ಪಿಸಿದಿತ್ತು, ದಡಿ ಮಾತ್ರ ಗಟ್ಟಿಯಾಗಿತ್ತು. ಗಟ್ಟಿ ಭಾಗ ಕತ್ತರಿಸಿ, ಹಿಂದೆ ಹಾಸಿಗೆಯ ದಪ್ಪ ಬಟ್ಟೆ ಕೊಟ್ಟು, ಸೋಮವಾರದಿಂದ ಶನಿವಾರದವರೆಗೆ ಆರು ಕಿಸೆ ಹೊಲಿದೆ. ಕಿಸೆ ಎಷ್ಟು ಅಗಲವಿರಬೇಕೆಂದರೆ, ವಹಿಯ ಹಾಳೆ ಒಮ್ಮೆ ಮಡಚಿದರೆ ಸಲೀಸಾಗಿ ಇಳಿಯಬೇಕು. ಇದನ್ನು ಹುಡುಗನ ಎದೆಯ ಎತ್ತರಕ್ಕೆ ತೂಗುಹಾಕಿ. ನಮ್ಮ ಎತ್ತರಕ್ಕೆ ಹಾಕಿದರೆ ಪ್ರತಿ ಚೀಟಿಗೂ ನಮ್ಮನ್ನೇ ಕರೆಯುತ್ತಾನೆ.

ಚೀಟಿ ಬರೆಯುವುದರಲ್ಲಿಯೇ ಮುಕ್ಕಾಲು ಯಶಸ್ಸಿದೆ. ‘ಗಣಿತ ಮಾಡು’ ಎಂದು ಬರೆದರೆ ಅದು ಎಂದೂ ಮುಗಿಯದ ಕೆಲಸ. ‘ಪುಟ 42, ಲೆಕ್ಕ 1ರಿಂದ 6, ಚೌಕಳಿ ವಹಿಯಲ್ಲಿ’ ಎಂದರೆ ಎಲ್ಲಿ ನಿಲ್ಲಬೇಕೆಂದು ಅವನಿಗೇ ಗೊತ್ತು. ಬರಿಯ ‘ಓದು’ ಎಂಬ ಚೀಟಿಯಂತೂ ಶುದ್ಧ ದಂಡ. ‘ಓದಿ, ಆಯಿಗೆ ಕಥೆ ಹೇಳು’ ಎಂದು ಬರೆಯಿರಿ. ಭಾನುವಾರ ಸಂಜೆ ಕುಳಿತು ಒಂದು ವಾರದ್ದಷ್ಟೇ ಬರೆದರೆ ಸಾಕು. ಸೊಸೆ ಒಮ್ಮೆ ಹುರುಪಿನಲ್ಲಿ ಇಡೀ ತಿಂಗಳದ್ದು ಬರೆದಿಟ್ಟಳು. ಎರಡನೆಯ ವಾರ ಹುಡುಗನಿಗೆ ಜ್ವರ ಬಂದು, ಆ ಕಂತೆಯೆಲ್ಲ ಒಲೆಗೆ ಹೋಯಿತು.

ಮುಗಿದ ಚೀಟಿಯನ್ನು ಕಿರಾಣಿ ಅಂಗಡಿಯಲ್ಲಿ ಬಿಲ್ಲು ಚುಚ್ಚುತ್ತಾರಲ್ಲ, ಅಂಥ ತಂತಿಗೆ ಚುಚ್ಚಬೇಕು. ಆ ಚುಚ್ಚುವ ಆಸೆಗೇ ಅವನು ಐದನೆಯ ಚೀಟಿ ಮುಗಿಸುತ್ತಾನೆ. ತಂತಿಯ ತುದಿಯನ್ನು ಸ್ವಲ್ಪ ಬಾಗಿಸಿ ಕೊಡಿ, ಕಣ್ಣಿಗೆ ಅಪಾಯ.

ಉಳಿದ ಚೀಟಿಯನ್ನು ಏನು ಮಾಡುವುದು? ಮೊದಲು ಎಲ್ಲವನ್ನೂ ಮರುದಿನದ ಕಿಸೆಗೆ ಹಾಕುತ್ತಿದ್ದೆವು. ಗುರುವಾರ ಬರುವಷ್ಟರಲ್ಲಿ ಒಂದೇ ಕಿಸೆಯಲ್ಲಿ ಒಂಬತ್ತು ಚೀಟಿ, ಹುಡುಗನಿಗೆ ಹೊಟ್ಟೆನೋವು. ಉದ್ರಿ ಬೆಳೆದ ಗಿರಾಕಿ ಅಂಗಡಿಯ ಓಣಿಯನ್ನೇ ತಪ್ಪಿಸಿ ಓಡಾಡುತ್ತಾನೆ, ಮಕ್ಕಳೂ ಹಾಗೆಯೇ. ಈಗ ದಿನಕ್ಕೆ ಒಂದೇ ಉದ್ರಿ, ಅಂದರೆ ಒಂದೇ ಚೀಟಿ ಮರುದಿನಕ್ಕೆ. ಉಳಿದವನ್ನು ಹರಿದು ಹಾಕುತ್ತೇನೆ. ಸೊಸೆಗೆ ಇದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ, ‘ಹೀಗೆ ಬಿಟ್ಟರೆ ಸೋಮಾರಿಯಾಗುತ್ತಾನಲ್ಲ ಅತ್ತಿ’ ಎನ್ನುತ್ತಾಳೆ.

ಆದರೆ ಒಂದೇ ಬಗೆಯ ಚೀಟಿ ಮೂರು ಸಲ ಉಳಿದರೆ ಅದನ್ನು ಹರಿಯಬೇಡಿ, ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ಒಮ್ಮೆ ಜೋಳದ ಡಬ್ಬಿ ಸರಿಸಿದಾಗ ಹಿಂದೆ ಮೂರು ಚೀಟಿ ಸಿಕ್ಕವು. ಮೂರೂ ಭಾಗಾಕಾರದ್ದು. ಬೈಯಲು ಬಾಯಿ ತೆರೆದವಳು ತಡೆದು, 612ನ್ನು 6ರಿಂದ ಭಾಗಿಸಲು ಹೇಳಿದೆ. 12 ಎಂದು ಬರೆದ. ನಡುವಿನ ಸೊನ್ನೆ ಅವನ ಲೆಕ್ಕಕ್ಕೇ ಬಂದಿರಲಿಲ್ಲ. ಆಟದ ನೋಟು ತಂದು ಆರು ಬಟ್ಟಲಿಗೆ ಹಂಚಿಸಿದೆ. ನೂರರ ನೋಟು ಒಂದೊಂದು ಬಿತ್ತು. ಹತ್ತರ ನೋಟು ಇದ್ದದ್ದೇ ಒಂದು, ಅದು ಆರು ಜನರಿಗೆ ಬರುವುದಿಲ್ಲ, ಹತ್ತರ ಮನೆಗೆ ಸೊನ್ನೆ. ಅದನ್ನು ಚಿಲ್ಲರೆ ಮಾಡಿಸಿ, ಇದ್ದ ಎರಡು ರೂಪಾಯಿಗೆ ಸೇರಿಸಿದ ಮೇಲೆ ಬಟ್ಟಲಿಗೆ ಎರಡೆರಡು ನಾಣ್ಯ. ಬಟ್ಟಲು ಎಣಿಸಿ, ತನ್ನ ವಹಿ ನೋಡಿ, ‘ಆಯಿ, ಉಳಿದ ತೊಂಬತ್ತು ರೂಪಾಯಿ ಯಾರು ತಿಂದರು?’ ಎಂದ. ಆಮೇಲೆ ಚೀಟಿ ಡಬ್ಬಿಯ ಹಿಂದೆ ಹೋಗಿಲ್ಲ.

ಬಾಯಿಲೆಕ್ಕಕ್ಕೆ ಚೀಟಿಯೇ ಬೇಡ. ಸೊಸೆ ರೊಟ್ಟಿ ಬಡಿಯುವಾಗ, ಒಂದು ರೊಟ್ಟಿ ಹಂಚಿನಿಂದ ಇಳಿಯುವಷ್ಟರಲ್ಲಿ ಒಂದು ಮಗ್ಗಿ. ಬೆಣ್ಣೆ ಹಚ್ಚಿದ ಬಿಸಿ ರೊಟ್ಟಿ ಕೈಗೆ ಬಂದರೆ ಹದಿನೇಳರ ಮಗ್ಗಿ ಅರ್ಧಕ್ಕೇ ನಿಲ್ಲುತ್ತದೆ, ಇರಲಿ. ಮಾರ್ಚ್ ದಾಟಿದ ಮೇಲೆ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಬರೆಸುವುದು ಹಿಂಸೆ. ಬರೆಯುವ ಚೀಟಿಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಚಿತ್ರ, ಕಥೆ ಆಮೇಲೆ.

ತಿಂಗಳಿಗೊಮ್ಮೆ ಐದರ ಬದಲು ಒಂದೇ ಚೀಟಿ. ಹೋದ ಚಳಿಗಾಲದಲ್ಲಿ ‘ಬಾದಾಮಿ’ ಎಂದಷ್ಟೇ ಬರೆದಿದ್ದೆ. ಮೂರನೆಯ ಗುಹೆಯಲ್ಲಿರುವ ಚಾಲುಕ್ಯರ ಮಂಗಳೇಶನ ಶಾಸನ ಕ್ರಿ.ಶ. 578ರದು. ಎಷ್ಟು ವರ್ಷವಾಯಿತೆಂದು ಕಳೆದು ನೋಡುವುದು ಗಣಿತವಾಯಿತು. ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯನ್ನು ಬಾಯಿಪಾಠ ಮಾಡಿದ್ದು ಕನ್ನಡವಾಯಿತು. ಕೆಂಪು ಬಂಡೆಯ ಚಿತ್ರ ಬರೆದದ್ದು ಬೇರೆ.

ಪುಸ್ತಕಕ್ಕೆ ಪರದಾಡಬೇಕಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪಠ್ಯಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿಯಿದೆ. ಅದರ ಎ, ಬಿ, ಸಿ ಹಂತಗಳು 3, 5, 8ನೆಯ ತರಗತಿಗೆ ಸಮ, ಹತ್ತನೆಯದಕ್ಕೆ ಹೆಸರು ಹಚ್ಚಲು 14 ವರ್ಷ ತುಂಬಿರಬೇಕು. ನಡುವೆ ಮತ್ತೆ ಶಾಲೆಗೆ ಸೇರಿಸುವ ಮನಸ್ಸಾದರೆ ಇಷ್ಟು ದಿನ ಏನು ಕಲಿತ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೆಂದೇ ಪ್ರತಿ ಚೀಟಿಯ ಮೇಲೆ ತಾರೀಖು ಹಾಕಿ, ತಿಂಗಳ ಕೊನೆಗೆ ತಂತಿಯಿಂದ ಇಳಿಸಿ, ಅವನ ವಹಿಗಳ ಜೊತೆ ದಾರ ಕಟ್ಟಿ ಟ್ರಂಕಿನಲ್ಲಿ ಇಡುತ್ತೇನೆ. ರದ್ದಿಯವನು ಬಂದ ದಿನ ಆ ಟ್ರಂಕಿನ ಕೀಲಿಕೈ ನನ್ನ ಸೊಂಟದಲ್ಲಿಯೇ ಇರುತ್ತದೆ.