ಚಿಕ್ಕಪ್ಪನ ತೆಪ್ಪಕ್ಕೆ ನಾನು ಮಾಡಿದ ಹುಟ್ಟು

ನಾನು ಮರಗೆಲಸದವನು. ಬಾಗಿಲು, ಕಿಟಕಿ, ಮಂಚ ನನ್ನ ಕೆಲಸ. ಹುಟ್ಟು ಮಾಡಲು ಕೂತಿದ್ದು ಚಿಕ್ಕಪ್ಪನ ಭುಜನೋವು ನೋಡಲಾಗದೆ. ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚಿನ ಕಡೆ ಅವರು ತೆಪ್ಪದಲ್ಲಿ, ಅಂದರೆ ಗುಂಡನೆಯ ಹರಿಗೋಲಿನಲ್ಲಿ, ಬಲೆ ಬಿಡುತ್ತಾರೆ. ಆಷಾಢದ ಗಾಳಿಗೆ ಎದುರಾಗಿ ಹುಟ್ಟು ಹಾಕಿ ಬಂದ ದಿನ ರಾತ್ರಿ ಬಲಗೈ ಎತ್ತಲು ಆಗುತ್ತಿರಲಿಲ್ಲ.

ಅವರ ಹಳೇ ಹುಟ್ಟನ್ನು ಅಂಗಡಿಗೆ ತಂದು ತೂಗಿದೆ. 2 ಕೆಜಿ 800 ಗ್ರಾಂ. ನೀರಿಗೆ ಇಳಿಯುವ ಹಲಗೆ ಒಂದಿಂಚು ದಪ್ಪ, ಹತ್ತಿಂಚು ಅಗಲ. ಬೆರಳ ಮೇಲಿಟ್ಟು ಸಮತೂಕ ನೋಡಿದರೆ ಅದು ನಿಂತಿದ್ದು ಹಲಗೆಯ ಮೇಲೇ. ಅಂದರೆ ಭಾರವೆಲ್ಲ ತುದಿಯಲ್ಲಿ. ಒಟ್ಟು ತೂಕಕ್ಕಿಂತ ಇದೇ ಜಾಸ್ತಿ ಕಾಡುವುದು. ಕೈಯಿಂದ ದೂರದಲ್ಲಿರುವ ನೂರು ಗ್ರಾಮನ್ನು ಬೆಳಗಿಂದ ಸಾವಿರ ಸಲ ಎತ್ತಬೇಕು, ತಿರುಗಿಸಬೇಕು, ಅಲ್ವಾ?

ಮರಕ್ಕೆ ದೂರ ಹೋಗಲಿಲ್ಲ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಮರ ನಮ್ಮ ಕಡೆ ಬೇಕಾದಷ್ಟು ಸಿಗುತ್ತದೆ. ಹಗುರ, ಕೆತ್ತಲು ಸುಲಭ. ಆದರೆ ನೀರಿಗೆ ಬೇಗ ಕೊಳೆಯುತ್ತದೆ, ಸೀಳುತ್ತದೆ. ಅದಕ್ಕೇ ನೆರಳಲ್ಲಿ ಚೆನ್ನಾಗಿ ಒಣಗಿದ, ಗಂಟಿಲ್ಲದ ತುಂಡು ಆರಿಸಿದೆ. ಮರದ ನಾರು ಹಿಡಿಯಿಂದ ತುದಿವರೆಗೆ ನೇರ ಓಡಬೇಕು. ನಾರು ಪಕ್ಕಕ್ಕೆ ಹೊರಳಿದ ಕಡೆಯೇ ಹುಟ್ಟು ಮುರಿಯುವುದು.

ಮೊದಲನೆಯದು ಹಾಳಾಯಿತು. ಹಲಗೆಯನ್ನು ಎಲ್ಲಾ ಕಡೆ ಒಂದೇ ಸಮ ತೆಳ್ಳಗೆ ಉಜ್ಜಿದ್ದೆ. ಚಿಕ್ಕಪ್ಪ ದಡಕ್ಕೆ ಬಂದವರೇ, "ಹಗುರ ಏನೋ ಆಯ್ತು ಕಣಪ್ಪ, ಆದ್ರೆ ನೀರಲ್ಲಿ ಮೀನಿನ ಬಾಲದಂಗೆ ಒದರಾಡುತ್ತೆ" ಅಂದರು. ನಾನೇ ಕೂತು ಎಳೆದು ನೋಡಿದೆ, ನಿಜ. ಚಪ್ಪಟೆ ಹಲಗೆಯನ್ನು ಜೋರಾಗಿ ಎಳೆದಾಗ ನೀರು ಒಮ್ಮೆ ಎಡ ಅಂಚಿನಿಂದ, ಒಮ್ಮೆ ಬಲ ಅಂಚಿನಿಂದ ಜಾರುತ್ತದೆ. ಹಲಗೆ ಅತ್ತಿತ್ತ ತೂಗುತ್ತದೆ. ಅದನ್ನು ನೆಟ್ಟಗೆ ಹಿಡಿಯುವುದರಲ್ಲೇ ಮಣಿಕಟ್ಟು ಸೋಲುತ್ತದೆ.

ಎರಡನೆಯದಕ್ಕೆ ನಡುವೆ ಬೆನ್ನು ಬಿಟ್ಟೆ. ಮಾವಿನ ಎಲೆಯ ನಡುನಾರಿನ ಹಾಗೆ. ನಡುವೆ ಮುಕ್ಕಾಲು ಇಂಚು, ಅಲ್ಲಿಂದ ಇಳಿಜಾರಾಗಿ ಅಂಚಿಗೆ ಬರುವಾಗ ಕಾಲಿಂಚು. ಈ ಏಣು ನೀರನ್ನು ಎರಡು ಕಡೆಗೂ ಸಮವಾಗಿ ಸೀಳಿ ಕಳಿಸುತ್ತದೆ, ಒದರಾಟ ನಿಲ್ಲುತ್ತದೆ. ದೋಣಿಯ ಹುಟ್ಟಾದರೆ ಎಳೆಯುವ ಮುಖಕ್ಕೆ ಮಾತ್ರ ಏಣು ಸಾಕು. ತೆಪ್ಪ ಗುಂಡಗೆ, ಅಡಿಯಲ್ಲಿ ಅದನ್ನು ನೆಟ್ಟಗೆ ಹಿಡಿಯುವ ಏಣು ಇಲ್ಲ, ಒಂದೇ ಕಡೆ ಎಳೆದರೆ ಸುಮ್ನೆ ಗಿರಗಿರ ಸುತ್ತುತ್ತದೆ. ಅದಕ್ಕೇ ಮುಂದೆ ಕೂತು, ಹುಟ್ಟನ್ನು ಆ ಕಡೆ ಈ ಕಡೆ ಮಗುಚುತ್ತಾ ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಎರಡೂ ಮುಖಕ್ಕೆ ಕೆಲಸ ಇದೆ. ಹಾಗಾಗಿ ಏಣನ್ನೂ ಎರಡೂ ಕಡೆ ಬಿಟ್ಟೆ.

ಅಗಲವನ್ನು ಹತ್ತಿಂಚಿನಿಂದ ಏಳಕ್ಕೆ ಇಳಿಸಿದೆ. ಇದಕ್ಕೆ ಚಿಕ್ಕಪ್ಪ ಒಪ್ಪಲೇ ಇಲ್ಲ. ದೊಡ್ಡ ಹಲಗೆ ಅಂದರೆ ಜಾಸ್ತಿ ನೀರು, ಜಾಸ್ತಿ ಓಟ ಅಂತ ಅವರ ಲೆಕ್ಕ. ಗಾಳಿ ಇಲ್ಲದ ಒಂದು ಬೆಳಿಗ್ಗೆ, ನೀರಲ್ಲಿ ನಿಂತ ಎರಡು ಒಣಮರಗಳ ನಡುವೆ ಎರಡರಲ್ಲೂ ಹೋಗಿ ಬಂದರು. ಹಳೇದರಲ್ಲಿ 90 ಎಳೆತ, ಹೊಸದರಲ್ಲಿ 97. ಎಳೆತ ಹೆಚ್ಚಾದರೂ ಸಮಯ ಸ್ವಲ್ಪ ಕಡಿಮೆಯೇ ಆಯಿತು. ಒಂದೊಂದು ಎಳೆತವೂ ಬೇಗ ಮುಗಿಯುತ್ತಿತ್ತು, ತೆಪ್ಪ ಪಕ್ಕಕ್ಕೆ ತಿರುಗುವುದೂ ಕಮ್ಮಿ.

ಕೋಲು ಮತ್ತು ಹಲಗೆ ಸೇರುವ ಕುತ್ತಿಗೆಯಲ್ಲಿ ಗರಗಸ ಹಾಕಿ ಚೌಕವಾಗಿ ಕತ್ತರಿಸಬೇಡಿ. ಮೂಲೆ ಇದ್ದಲ್ಲಿ ಸೀಳು ಹುಟ್ಟುತ್ತದೆ. ಬಾಚಿಯಲ್ಲಿ ಒಂದು ಗೇಣು ಉದ್ದಕ್ಕೆ ನಿಧಾನವಾಗಿ ಅಗಲ ಮಾಡಿಕೊಂಡು ಬನ್ನಿ. ನೀರೊಳಗಿನ ಮೋಟುಗಳಿಗೆ ತಾಗುವ ತುದಿಗೆ ಫೈಬರ್ ಬಟ್ಟೆ ಇಟ್ಟು ಎಪಾಕ್ಸಿ ಅಂಟು ಬಳಿದೆ. ಹಿಡಿಗೆ ವಾರ್ನಿಷ್ ಹಾಕಲಿಲ್ಲ. ಒದ್ದೆ ಕೈಯಲ್ಲಿ ವಾರ್ನಿಷ್ ಬೊಬ್ಬೆ ಎಬ್ಬಿಸುತ್ತದೆ. ಉಪ್ಪು ಕಾಗದದಲ್ಲಿ ತಿಕ್ಕಿ, ಮೂರು ಸಲ ಅಗಸೆ ಎಣ್ಣೆ ಕುಡಿಸಿದೆ.

ತೂಕ 1 ಕೆಜಿ 100 ಗ್ರಾಂ ಬಂತು. ಸಮತೂಕ ಕುತ್ತಿಗೆಯಿಂದ ಒಂದು ಗೇಣು ಮೇಲೆ.

ಇಷ್ಟಾದರೂ ಒಂದು ವಾರ ಬಿಟ್ಟು ನೋಡಿದರೆ ಹಿಡಿಯ ಮೇಲ್ತುದಿಯನ್ನು ಚಿಕ್ಕಪ್ಪ ಎರಡಿಂಚು ಕೊಯ್ದು ಹಾಕಿದ್ದರು! ನಾನು ಅಳತೆ ತಗೊಂಡಿದ್ದು ಅವರು ದಡದಲ್ಲಿ ನಿಂತಾಗ. ಅವರು ಹುಟ್ಟು ಹಾಕುವುದು ತೆಪ್ಪದಲ್ಲಿ ಕುಕ್ಕರುಗಾಲಲ್ಲಿ ಕೂತು. ಮೇಲಿನ ಕೈ ಗಲ್ಲದ ಮಟ್ಟಕ್ಕಿಂತ ಮೇಲೆ ಹೋದರೆ ಭುಜ ಮತ್ತೆ ನೋಯುತ್ತದೆ ಅಂತ ತೋರಿಸಿಕೊಟ್ಟರು. ಈಗ ಅವರ ಜೊತೆಗಾರರಿಗೆ ಇನ್ನೆರಡು ಮಾಡುತ್ತಿದ್ದೇನೆ. ಅಳತೆಯನ್ನು ತೆಪ್ಪದೊಳಗೇ ಕೂರಿಸಿ ತಗೊಂಡೆ.