ಎಕ್ಸಿಮಾ ಬರುವ ಮುಖಕ್ಕೆ ಏನು ಹಚ್ಚಬೇಕು, ಏನನ್ನು ಬಿಡಬೇಕು

ಮುಖದ ಮೇಲೆ ಇಸಬು, ಅಂದರೆ ಎಕ್ಸಿಮಾ, ಕಾಣಿಸಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಹೊಸ ಕ್ರೀಮ್ ಹುಡುಕುವುದು. ಅದು ಉರಿದರೆ ಇನ್ನೊಂದು. ಆಮೇಲೆ ಅದರ ಜೊತೆಗೊಂದು ಸೀರಮ್. ಎರಡು ತಿಂಗಳಲ್ಲಿ ಕಪಾಟಿನ ತುಂಬ ಡಬ್ಬಿಗಳು, ಮುಖ ಮಾತ್ರ ಮೊದಲಿಗಿಂತ ಕೆಂಪು. ನಾನೂ ಹೀಗೇ ವರ್ಷಗಟ್ಟಲೆ ಒದ್ದಾಡಿದವಳು. ಈಗ ನನ್ನ ಮುಖಕ್ಕೆ ಮೂರೇ ವಸ್ತು ತಾಗುವುದು: ಒಂದು ಕ್ಲೆನ್ಸರ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಇಂಥ ಚರ್ಮಕ್ಕೆ ಏನು ಸೇರಿಸಬೇಕು ಅನ್ನುವುದಕ್ಕಿಂತ ಏನನ್ನು ಬಿಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ.

ಯಾಕೆ ಅಂದರೆ, ನಮ್ಮ ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ಸೇರಿ ಇಟ್ಟಿಗೆಗಳ ಮಧ್ಯದ ಗಾರೆಯ ಹಾಗೆ ಕೂತಿರುತ್ತವೆ. ಎಕ್ಸಿಮಾ ಇರುವವರಲ್ಲಿ ಈ ಗಾರೆ ಸಡಿಲ. ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ರಾಸಾಯನಿಕ ಒಳಗೆ ಇಳಿಯುತ್ತದೆ. ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ, ಆ ಜೀನ್‌ಗೂ ಎಕ್ಸಿಮಾಕ್ಕೂ ಇರುವ ನಂಟು 2006ರಲ್ಲೇ ಪತ್ತೆಯಾಗಿದೆ. ಹಾಗಾಗಿ ಅಕ್ಕನಿಗೋ ಗೆಳತಿಗೋ ಒಪ್ಪಿದ ಕ್ರೀಮ್ ನಿಮಗೆ ಉರಿದರೆ ಅದು ನಿಮ್ಮ ತಪ್ಪಲ್ಲ.

ಮೊದಲು ತೊಳೆಯುವ ವಿಷಯ. ಆರೋಗ್ಯವಾದ ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸು, ಮಾಮೂಲಿ ಸೋಪಿನದ್ದು 9ರಿಂದ 10. ಅದಕ್ಕೇ ಮುಖಕ್ಕೆ ಸೋಪು ಬೇಡವೇ ಬೇಡ. 5.5ರ ಹತ್ತಿರದ ಪಿಎಚ್ ಇರುವ, ಸೋಪಿಲ್ಲದ, ನೊರೆ ಕಡಿಮೆ ಬರುವ ಕ್ಲೆನ್ಸರ್ ತಗೊಳ್ಳಿ. ಡಬ್ಬಿಯ ಹಿಂದೆ ಸೋಡಿಯಂ ಲಾರಿಲ್ ಸಲ್ಫೇಟ್ ಅಂತ ಕಂಡರೆ ವಾಪಸ್ ಇಡಿ. ಸಂಶೋಧಕರು ಪ್ರಯೋಗಕ್ಕಾಗಿ ಚರ್ಮವನ್ನು ಬೇಕಂತಲೇ ಕೆರಳಿಸಬೇಕಾದಾಗ ಬಳಸುವುದು ಇದನ್ನೇ. ತೊಳೆದ ಮೇಲೆ ಮುಖ ಬಿಗಿಯಾಯಿತು ಅಂದರೆ ಚೊಕ್ಕಟವಾಯಿತು ಅಂತಲ್ಲ, ಎಣ್ಣೆಯಂಶ ಹೋಯಿತು ಅಂತ. ಬೆಳಿಗ್ಗೆ ಬರೀ ನೀರು ಸಾಕು. ಕ್ಲೆನ್ಸರ್ ಸಂಜೆ ಒಂದು ಸಲ. ನೀರು ಉಗುರುಬೆಚ್ಚಗಿರಲಿ, ಬಿಸಿ ಬೇಡ, ಟವೆಲಿನಿಂದ ಉಜ್ಜದೆ ಮೆಲ್ಲಗೆ ಒತ್ತಿ.

ಈಗ ಲೇಬಲ್. ನಾನು ತುಂಬಾ ಸಲ ಮೋಸಹೋಗಿದ್ದು ಇಲ್ಲೇ. ಡಬ್ಬಿಯ ಮುಂದೆ ಬರೆದದ್ದನ್ನು ನಂಬಬೇಡಿ, ಹಿಂದೆ ಬರೆದದ್ದನ್ನು ಓದಿ. ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ಕಡಿಮೆ, ಅನ್ನುವ ಪದಕ್ಕೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಯಾವ ಕಾನೂನಿನ ಅಳತೆಗೋಲನ್ನೂ ಇಟ್ಟಿಲ್ಲ. ‘ನ್ಯಾಚುರಲ್’ ಅಂದರೆ ಸೌಮ್ಯ ಅಂತಲೂ ಅಲ್ಲ. ‘ಫ್ರಾಗ್ರೆನ್ಸ್ ಫ್ರೀ’ ಮತ್ತು ‘ಅನ್‌ಸೆಂಟೆಡ್’ ಒಂದೇ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅನ್‌ಸೆಂಟೆಡ್ ಅಂದರೆ ವಾಸನೆ ಗೊತ್ತಾಗುವುದಿಲ್ಲ ಅಷ್ಟೇ, ಬೇರೆ ಪದಾರ್ಥಗಳ ವಾಸನೆ ಮುಚ್ಚಲು ಅದರಲ್ಲೂ ಸುಗಂಧ ಹಾಕಿರಬಹುದು. ನಿಮಗೆ ಬೇಕಾದ್ದು ಫ್ರಾಗ್ರೆನ್ಸ್ ಫ್ರೀ, ಅಂದರೆ ಸುಗಂಧವನ್ನೇ ಹಾಕದ್ದು. ಹಿಂದಿನ ಪಟ್ಟಿಯಲ್ಲಿ ಫ್ರಾಗ್ರೆನ್ಸ್, ಪರ್ಫ್ಯೂಮ್, ಲಿನಲೂಲ್, ಲಿಮೊನೀನ್, ಇಲ್ಲವೇ ಲ್ಯಾವೆಂಡರ್, ಟೀ ಟ್ರೀ ಥರದ ಎಣ್ಣೆಗಳ ಹೆಸರಿದ್ದರೆ ಬಿಟ್ಟುಬಿಡಿ. ಲಿನಲೂಲ್ ಮತ್ತು ಲಿಮೊನೀನ್ ಗಾಳಿ ತಾಗಿದಷ್ಟೂ ಅಲರ್ಜಿ ಮಾಡುವ ವಸ್ತುಗಳಾಗಿ ಬದಲಾಗುತ್ತವೆ, ಅಂದರೆ ಹೊಸದರಲ್ಲಿ ಸುಮ್ನಿದ್ದ ಡಬ್ಬಿ ಹಳೆಯದಾದ ಮೇಲೆ ಕಾಟ ಕೊಡಬಹುದು.

ಇನ್ನೊಂದು ಉದ್ದ ಹೆಸರು ನೆನಪಿಡಿ: ಮೀಥೈಲ್‌ಐಸೋಥಯಜೋಲಿನೋನ್. ಇದು ಕೆಡದಂತೆ ಕಾಯುವ ಪ್ರಿಸರ್ವೇಟಿವ್. ಎಷ್ಟೊಂದು ಜನಕ್ಕೆ ಅಲರ್ಜಿ ಆಯಿತು ಅಂದರೆ, ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಇದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಆದರೆ ತೊಳೆದುಹೋಗುವ ಶಾಂಪೂ, ಫೇಸ್ ವಾಶ್‌ಗಳಲ್ಲಿ ಇನ್ನೂ ಸಿಗುತ್ತದೆ. ಪಟ್ಟಿಯ ಕೊನೆಯಲ್ಲಿದೆ, ಚೂರೇ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅಲರ್ಜಿಗೆ ಚೂರೇ ಸಾಕು.

ಮಾಯಿಶ್ಚರೈಸರ್‌ನಲ್ಲಿ ನಾನು ಹುಡುಕುವುದು ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಂ (ಪೆಟ್ರೋಲಿಯಂ ಜೆಲ್ಲಿ). ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಲೋಷನ್‌ಗಿಂತ ಕ್ರೀಮ್ ವಾಸಿ, ತುಂಬಾ ಒಣಗಿದ ಕಡೆ ಮುಲಾಮು ಇನ್ನೂ ವಾಸಿ, ಯಾಕೆಂದರೆ ಅದರಲ್ಲಿ ನೀರಿಲ್ಲದ್ದರಿಂದ ಪ್ರಿಸರ್ವೇಟಿವ್ ಕೂಡ ಜಾಸ್ತಿ ಬೇಕಾಗುವುದಿಲ್ಲ. ಮುಖ ತೊಳೆದು ಮೂರು ನಿಮಿಷದೊಳಗೆ, ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಿ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇರುವವು ಹಿಮ್ಮಡಿಗೆ ಚೆನ್ನ, ಬಿರಿದ ಮುಖಕ್ಕೆ ಉರಿ. ಎಣ್ಣೆ ಹಚ್ಚಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಆಲಿವ್ ಎಣ್ಣೆ ಬೇಡ, ಅದರಲ್ಲಿರುವ ಓಲಿಕ್ ಆಮ್ಲ ಈಗಾಗಲೇ ಸಡಿಲವಾದ ಪದರವನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ಸನ್‌ಸ್ಕ್ರೀನ್ ಸತುವಿನದ್ದು, ಅಂದರೆ ಜಿಂಕ್ ಆಕ್ಸೈಡ್ ಇರುವುದು, ಎಸ್‌ಪಿಎಫ್ 30 ಅಥವಾ ಮೇಲೆ. ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಕಣ್ಣಿಗೆ ಇಳಿದು ಉರಿಸುವುದಿಲ್ಲ. ರೆಟಿನಾಲ್, ಸ್ಕ್ರಬ್, ಟೋನರ್, ಆಸಿಡ್ ಸೀರಮ್‌ಗಳನ್ನು ಚರ್ಮ ಪೂರ್ತಿ ಶಾಂತವಾಗುವ ತನಕ ಮುಟ್ಟಬೇಡಿ.

ಕೊಂಡು ತಂದ ದಿನವೇ ಮುಖಕ್ಕೆ ಹಚ್ಚಬೇಡಿ, ದಯವಿಟ್ಟು. ಮೊಣಕೈಯ ಒಳಮಡಿಕೆಯಲ್ಲಿ, ನಾಣ್ಯದಷ್ಟು ಜಾಗದಲ್ಲಿ, ದಿನಕ್ಕೆ ಎರಡು ಸಲದಂತೆ ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಒಂದು ದಿನದ ಪರೀಕ್ಷೆ ಸಾಲುವುದಿಲ್ಲ, ಈ ಬಗೆಯ ಅಲರ್ಜಿ ಎದ್ದು ಕಾಣಲು ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅಲ್ಲಿ ಏನೂ ಆಗದಿದ್ದರೆ ದವಡೆಯ ಅಂಚಿನಲ್ಲಿ ಕೆಲವು ದಿನ, ಆಮೇಲೆ ಇಡೀ ಮುಖ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಕ್ಲೆನ್ಸರ್ ಮತ್ತು ಕ್ರೀಮ್ ಎರಡನ್ನೂ ಒಟ್ಟಿಗೆ ಬದಲಾಯಿಸಿ ಮುಖ ಕೆಂಪಾದರೆ, ಕಳ್ಳ ಯಾರು ಅಂತ ಹೇಗೆ ಹಿಡಿಯುತ್ತೀರಿ?

ಕಳ್ಳ ಕೆಲವು ಸಲ ಮುಖದ ಡಬ್ಬಿಯಲ್ಲಿ ಇರುವುದೇ ಇಲ್ಲ. ನನ್ನ ಕಣ್ಣುರೆಪ್ಪೆ ತಿಂಗಳುಗಟ್ಟಲೆ ಊದಿ, ಹೊಟ್ಟು ಏಳುತ್ತಿತ್ತು. ರೆಪ್ಪೆಗೆ ಹಚ್ಚುವುದನ್ನೆಲ್ಲ ಒಂದೊಂದಾಗಿ ನಿಲ್ಲಿಸಿದೆ, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಗೊತ್ತಾದದ್ದು ಉಗುರುಬಣ್ಣ. ಉಗುರಿನ ಸುತ್ತ ಏನೂ ಆಗಿರಲಿಲ್ಲ, ಆದರೆ ಕೈ ಕಣ್ಣಿಗೆ ಹೋಗುತ್ತಲೇ ಇರುತ್ತದೆ ಅಲ್ವಾ, ರೆಪ್ಪೆಯ ಚರ್ಮವಂತೂ ಮೈಯಲ್ಲೇ ಅತಿ ತೆಳು. ಇದು ಚರ್ಮದ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹಾಗೇ ತಲೆಗೆ ಹಾಕಿದ ಶಾಂಪೂ ಮುಖದ ಮೇಲೆ ಇಳಿಯುತ್ತದೆ, ಕೂದಲ ಬಣ್ಣ ಹಣೆಗೆ ತಾಗುತ್ತದೆ, ದಿಂಬಿನ ಹೊದಿಕೆಯಲ್ಲಿ ಬಟ್ಟೆ ಸೋಪಿನ ಸುವಾಸನೆ ಉಳಿದಿರುತ್ತದೆ. ಇವನ್ನೂ ನೋಡಿ.

ಎಲ್ಲ ಸರಿಯಾಗಿ ಆರಿಸಿದರೂ ಎಕ್ಸಿಮಾ ಕೆರಳುವುದು ಉಂಟು. ಆಗ ಬರೀ ಮಾಯಿಶ್ಚರೈಸರ್ ಹಿಡಿದು ತಿಂಗಳುಗಟ್ಟಲೆ ಸಹಿಸಬೇಡಿ, ಔಷಧಿ ಬೇಕಾಗುತ್ತದೆ. ಮುಖಕ್ಕೆ ಸ್ಟೀರಾಯ್ಡ್ ಮುಲಾಮನ್ನು ಡಾಕ್ಟರ್ ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ. ಮನಸ್ಸಿಗೆ ಬಂದಷ್ಟು ಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟ ಮೇಲೆ ಮತ್ತೆ ಕೆರಳುತ್ತದೆ. ಟ್ಯಾಕ್ರೋಲಿಮಸ್ ಥರದ ಸ್ಟೀರಾಯ್ಡ್ ಅಲ್ಲದ ಮುಲಾಮುಗಳೂ ಇವೆ, ಕೇಳಿ ನೋಡಿ. ಹಳದಿ ಹಕ್ಕಳೆ ಕಟ್ಟಿದರೆ, ರಸ ಒಸರಿದರೆ ಸೋಂಕು ತಗುಲಿರಬಹುದು. ನೋಯುವ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅದು ಹರ್ಪಿಸ್ ವೈರಸ್ಸಿನ ಸೋಂಕು ಆಗಿರಬಹುದು, ಕಣ್ಣಿನ ಹತ್ತಿರ ಆದರೆ ತಡಮಾಡುವುದು ಅಪಾಯ.

ಯಾವುದು ಒಗ್ಗುತ್ತಿಲ್ಲ ಅಂತ ಎಷ್ಟು ಹುಡುಕಿದರೂ ಸಿಗದಿದ್ದರೆ ಪ್ಯಾಚ್ ಟೆಸ್ಟ್ ಮಾಡುತ್ತೀರಾ ಅಂತ ಡಾಕ್ಟರನ್ನು ಕೇಳಿ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ, ಒಂದೆರಡು ದಿನ ಕಳೆದು ಮತ್ತೊಮ್ಮೆ ನೋಡುತ್ತಾರೆ. ಹೋಗುವಾಗ ಮುಖಕ್ಕೆ, ತಲೆಗೆ, ಉಗುರಿಗೆ ಬಳಸುವ ಎಲ್ಲ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಇಲ್ಲವೇ ಅವುಗಳ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ಖಾಲಿಯಾದದ್ದನ್ನೂ ಸೇರಿಸಿ.